ಆಗಲ್ಲಪ್ಪನವರ ಬಾಯ್ಲರ್

ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಬೇರೆಯವರು ಕಟ್ಟಿದ ಬಾಯ್ಲರಿನ ಮುಂದೆ ನಿಲ್ಲುವುದು, ಸಣ್ಣ ಸುತ್ತಿಗೆಯಿಂದ ಟಣ್ ಟಣ್ ಎಂದು ತಟ್ಟುತ್ತ ಕಿವಿಗೊಡುವುದು, ಸರಿಯಿದ್ದರೆ ಕಾಗದಕ್ಕೆ ರುಜು ಹಾಕುವುದು. ಸರಿಯಿಲ್ಲದಿದ್ದರೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಅದರ ಹೊಟ್ಟೆಯ ಮೇಲೆ ದೊಡ್ಡದೊಂದು ಕತ್ತರಿ ಗುರುತು ಎಳೆದು, “ಆಗಲ್ಲಪ್ಪ” ಎಂದು ಮೆಲ್ಲಗೆ ಹೇಳಿ ಹೊರಟುಬಿಡುವುದು. ಬಟ್ಟೆ ಒಗೆಯುವ ಕಾರ್ಖಾನೆ, ಕಾಗದದ ಗಿರಣಿ, ಆಸ್ಪತ್ರೆಯ ಅಡುಗೆಮನೆ, ಹೀಗೆ ಉಗಿ ಏಳುವ ಕಡೆಯಲ್ಲೆಲ್ಲ ಆ ಮಾತೇ ಅವರಿಗೆ ಹೆಸರಾಗಿ ಅಂಟಿಕೊಂಡಿತು. “ಆಗಲ್ಲಪ್ಪನವರು ಬಂದ್ರು” ಎಂದು ಗೇಟಿನ ಕಾವಲುಗಾರ ಫೋನು ಮಾಡಿದರೆ ಒಳಗೆ ಮ್ಯಾನೇಜರು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅವರ ರುಜು ಬಿದ್ದ ಒಂದು ಬಾಯ್ಲರೂ ಸಿಡಿದದ್ದಿಲ್ಲ. ಅದು ಅವರ ಹೆಮ್ಮೆ. ಬಾಯಿಬಿಟ್ಟು ಹೇಳಿಕೊಂಡವರಲ್ಲ, ಹೆಂಡತಿಗೆ ಮಾತ್ರ ಗೊತ್ತಿತ್ತು. ಆ ಅಡ್ಡಹೆಸರೂ ಅವಳಿಗೆ ಗೊತ್ತಿತ್ತು. ಸಿಟ್ಟು ಬಂದ ದಿನಕ್ಕೆ ಇರಲಿ ಎಂದು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಳು.

ನಿವೃತ್ತರಾದ ಮೇಲೆ ಅವರು ಹಿತ್ತಲ ಕೋಣೆಯಲ್ಲಿದ್ದ ಹಳೇ ಸೈಕಲ್ಲು, ಕಾಲು ಮುರಿದ ಕುರ್ಚಿಗಳನ್ನೆಲ್ಲ ಹೊರಹಾಕಿ, ಯಾರೋ ಬಳಸಿಬಿಟ್ಟ, ಲೋಹ ಕಡೆಯುವ ಒಂದು ಲೇತ್ ತಂದು ಕೂರಿಸಿದರು. ಉಗಿಯ ರೈಲು ಇಂಜಿನ್ ಒಂದನ್ನು ಮಾಡಬೇಕೆಂಬುದು ಅವರ ಆಸೆ. ಷೋಕೇಸಿನಲ್ಲಿಡುವ ಬೊಂಬೆಯಲ್ಲ. ಕಲ್ಲಿದ್ದಲು ಉರಿಸಿ, ನೀರು ಕುದಿಸಿ, ತನ್ನ ಉಗಿಯಿಂದಲೇ ತಾನು ಓಡುವಂಥದ್ದು; ಅಳತೆಯಲ್ಲಿ ಮಾತ್ರ ನಿಜವಾದದ್ದರ ಹನ್ನೆರಡರಲ್ಲಿ ಒಂದು ಪಾಲು. ಯಾವ ಇಂಜಿನ್ ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಕಾಗದದ ಗಿರಣಿಯ ಅಂಗಳದಲ್ಲಿ ದಿಮ್ಮಿ ತುಂಬಿದ ವ್ಯಾಗನುಗಳನ್ನು ಎಳೆಯುತ್ತಿದ್ದ, ಕುಳ್ಳಗೆ ದಪ್ಪಗಿದ್ದ ನಾಲ್ಕು ಗಾಲಿಯ ಇಂಜಿನ್ನಿಗೆ ಕೊನೆಯ ಕತ್ತರಿ ಗುರುತು ಎಳೆದವರು ಇವರೇ. ತಿಂಗಳು ತುಂಬುವುದರೊಳಗೆ ಅದು ತುಂಡು ತುಂಡಾಗಿ ಗುಜರಿಗೆ ಹೋಗಿತ್ತು. ಬರೆದದ್ದರಲ್ಲಿ ತಪ್ಪಿರಲಿಲ್ಲ. ಆದರೂ ಆ ಖಾಲಿ ಹಳಿಗಳನ್ನು ನೋಡಿಬಂದ ದಿನ ಅವರಿಗೆ ಊಟ ಸೇರಲಿಲ್ಲ. ಅದರ ಅಳತೆಗಳೆಲ್ಲ ತಪಾಸಣೆಯ ಪುಸ್ತಕದಲ್ಲಿ ಅವರದೇ ಅಕ್ಷರದಲ್ಲಿದ್ದವು.

ನಾಲ್ಕು ವರ್ಷ ಹಿಡಿಯಿತು. ಚೌಕಟ್ಟು, ಗಾಲಿ, ಅಚ್ಚು, ಸಿಲಿಂಡರು, ಬೆರಳುದ್ದದ ಪಿಸ್ಟನ್ನು ಎಲ್ಲವೂ ಒಂದೊಂದಾಗಿ ತಯಾರಾದವು. ಬಾಯ್ಲರೊಂದು ಮಾತ್ರ ಆಗಲಿಲ್ಲ. ಚಾಲಕನ ಕೋಣೆಗೆ ಬಣ್ಣ ಬಳಿದರು. ಒಣಗಿದ ಮೇಲೆ ಉಜ್ಜಿ ಮತ್ತೆ ಬಳಿದರು. ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಒಂದು ದಿನ ಬಾಗಿಲಿಗೆ ಬಂದು ನಿಂತಳು.

“ಅಲ್ಲ ರೀ, ಹೊಟ್ಟೆನೇ ಇಲ್ಲದ ಇಂಜಿನ್ನಿಗೆ ಎಷ್ಟು ಸಲ ಅಂತ ಬಣ್ಣ ಬಳೀತೀರಿ?”

“ಬಾಯ್ಲರ್ ಅಂದ್ರೆ ಹುಡುಗಾಟ ಅಲ್ಲ.”

“ಅದಕ್ಕೇ ಕೇಳಿದ್ದು. ಊರಲ್ಲಿರೋ ಬಾಯ್ಲರನ್ನೆಲ್ಲ ನೋಡಿದವರಿಗೆ ಒಂದು ಮಾಡೋಕೆ ಇಷ್ಟು ಭಯವಾ?”

ಭಯವೇ. ಅವಳು ಸುಮ್ಮನೆ ಎಸೆದ ಕಲ್ಲು ನೆಟ್ಟಗೆ ಬಂದು ತಗುಲಿತ್ತು. ಬಾಯ್ಲರು ಯಾವ ಯಾವ ರೀತಿಯಲ್ಲಿ ಕೆಡುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಒಂದಾದರೂ ಬಾಯ್ಲರು ಹೇಗೆ ಸರಿಯಾಗುತ್ತದೆ ಎಂಬುದು ಗೊತ್ತಿರಲಿಲ್ಲ.

ಮರುದಿನವೇ ತಾಮ್ರದ ತಗಡು ಕತ್ತರಿಸಲು ಕೂತರು. ತಾಮ್ರದ ಸ್ವಭಾವವೇ ಬೇರೆ. ಬಡಿದಷ್ಟೂ ಗಡಸಾಗುತ್ತದೆ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಕಾಯಿಸುವುದು, ಬಡಿಯುವುದು, ಮತ್ತೆ ಕಾಯಿಸುವುದು. ಗಟ್ಟಿ ಮರದ ಅಚ್ಚಿನ ಮೇಲೆ ತಗಡಿನ ಅಂಚು ಬಗ್ಗಿಸುವುದರಲ್ಲೇ ಒಂದು ತಿಂಗಳು ಹೋಯಿತು. ಅಷ್ಟನ್ನು ಹೇಗೋ ಮಾಡಿದರು. ಬೆಸುಗೆಗೆ ಬಂದಾಗ ಮಾತ್ರ ಕೈ ಸೋತಿತು. ಬೆಳ್ಳಿ ಬೆರೆತ ಬೆಸುಗೆ ಕಡ್ಡಿ ಕರಗಬೇಕಾದರೆ ಇಡೀ ಬಾಯ್ಲರು ಮಂಕು ಕೆಂಪಗೆ ಕಾಯಬೇಕು. ಇವರು ಒಂದು ಕಡೆ ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹಿಡಿದರೆ ತಾಮ್ರ ಆ ಕಾವನ್ನೆಲ್ಲ ಇನ್ನೊಂದು ಕಡೆಗೆ ಸಾಗಿಸಿಬಿಡುತ್ತಿತ್ತು. ಕಡ್ಡಿ ಕರಗಿ ಹರಿಯುವ ಬದಲು ಸಣ್ಣ ಗುಂಡುಗಳಾಗಿ ಉರುಳಿ ಕೆಳಗೆ ಬಿತ್ತು.

“ಇಬ್ಬರು ಬೇಕು, ಎರಡು ಟಾರ್ಚ್ ಬೇಕು,” ಎಂದರು, ಬೆವರು ಒರೆಸಿಕೊಳ್ಳುತ್ತ.

“ತಿರುವಿನಲ್ಲಿ ರೇಡಿಯೇಟರ್ ರಿಪೇರಿ ಅಂಗಡಿ ಇದೆಯಲ್ಲ, ಅಲ್ಲಿ ಒಬ್ಬಳು ದಿನವಿಡೀ ಬೆಸುಗೆ ಹಾಕ್ತಾ ಕೂತಿರ್ತಾಳೆ. ಅವಳ ಏಪ್ರನ್ ಹೊಲಿದುಕೊಟ್ಟಿದ್ದು ನಾನೇ. ಹೋಗಿ ಕೇಳಿ. ಕೇಳಿದ್ರೆ ಗಂಟೇನೂ ಹೋಗಲ್ಲ.”

ಹೋದರು. ನಲವತ್ತರ ಆಸುಪಾಸಿನ ಹೆಂಗಸು ಲಾರಿಯೊಂದರ ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದಳು. ಬಾಗಿಲ ಬಳಿ ಎತ್ತರದ ಸ್ಟೂಲಿನ ಮೇಲೆ ಒಬ್ಬ ಮುದುಕ ಕೂತಿದ್ದ. ಅಗಲ ಭುಜ, ಸುಟ್ಟ ಕಲೆಗಳಿಂದ ಚುಕ್ಕೆ ಚುಕ್ಕೆಯಾದ ಕೈಗಳು. ಅವನನ್ನು ಕಂಡದ್ದೇ ಆಗಲ್ಲಪ್ಪನವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಮೇಸ್ತ್ರಿ! ಇಪ್ಪತ್ತೆರಡು ವರ್ಷದ ಹಿಂದೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರು ನೋಡಿಕೊಳ್ಳುತ್ತಿದ್ದವನು ಇವನೇ. ಮೂರು ತಿಂಗಳು ಕೂತು ಅದನ್ನು ಬಿಚ್ಚಿ, ಕೊಳವೆ ಬದಲಾಯಿಸಿ, ಮತ್ತೆ ಕಟ್ಟಿದ್ದ. ಇವರು ಹೋಗಿ ನಾಲ್ಕನೇ ಏಟಿಗೇ ದನಿ ಒಡೆದದ್ದನ್ನು ಹಿಡಿದಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೀಮೆಸುಣ್ಣ ಎಳೆಯುವಾಗ ಮೇಸ್ತ್ರಿ ಹತ್ತಿರ ಬಂದು “ಸಾರ್, ಒಂದು ಮಾತು” ಎಂದಿದ್ದ. “ನೆಪ ಕೇಳೋಕೆ ನಂಗೆ ಪುರುಸೊತ್ತಿಲ್ಲ. ಆಗಲ್ಲಪ್ಪ” ಎಂದು ಇವರು ಹೊರಟುಬಂದಿದ್ದರು. ಬೆನ್ನ ಹಿಂದೆ ಯಜಮಾನ ಕೂಗಾಡುತ್ತಿದ್ದುದು ಕೇಳಿಸಿತ್ತು. ಮುಂದಿನ ಸಲ ಹೋದಾಗ ಅಲ್ಲಿ ಬೇರೆ ಯಾರೋ ಇದ್ದರು.

“ಏನಾಗಬೇಕಿತ್ತು ಸಾರ್?” ಎಂದಳು ತೊಟ್ಟಿಯ ಬಳಿಯಿದ್ದ ಹೆಂಗಸು, ಮೇಸ್ತ್ರಿಯ ಮಗಳು.

ಅವರು ಬಂದ ಕೆಲಸ ಹೇಳಿದರು. ಮುಂಚೆ ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದ್ದಕ್ಕೆ “ಆಫೀಸು, ಕಾಗದಪತ್ರ” ಎಂದು ತೇಲಿಸಿಬಿಟ್ಟರು. ಮುದುಕ ಬೀದಿಯ ಕಡೆಗೇ ನೋಡುತ್ತಿದ್ದ. “ಅಪ್ಪನಿಗೆ ಕಿವಿ ಹೆಚ್ಚುಕಮ್ಮಿ ಹೋಗೇಬಿಟ್ಟಿದೆ ಸಾರ್. ತಗಡು ಬಡಿದೂ ಬಡಿದೂ,” ಎಂದಳು ಮಗಳು. ಆಗಲ್ಲಪ್ಪನವರಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಭಾನುವಾರ ಮಧ್ಯಾಹ್ನಗಳಲ್ಲಿ ಅವಳು ಬರತೊಡಗಿದಳು. ಇಂಜಿನ್ ನೋಡಿ ಬಾಯಿ ತುಂಬ ಹೊಗಳಿದಳು, ಬೆಸುಗೆ ನೋಡಿ ಬಾಯಿ ಮುಚ್ಚಿಕೊಂಡಳು. ಆಮೇಲೆ, “ಇದನ್ನೆಲ್ಲ ಬಿಚ್ಚಬೇಕು ಸಾರ್. ಆಗಲ್ಲ,” ಎಂದಳು.

ಒಳಗಿನಿಂದ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಆದರೆ ಮೇಸ್ತ್ರಿಯ ಮಗಳ ‘ಆಗಲ್ಲ’ ಬೇರೆ ಜಾತಿಯದು. ಹೇಳಿದ ಮೇಲೆ ಅವಳು ಹೊರಟುಹೋಗುತ್ತಿರಲಿಲ್ಲ. ಏಪ್ರನ್ ಕಟ್ಟಿಕೊಂಡು ಪಕ್ಕದಲ್ಲೇ ಕೂರುತ್ತಿದ್ದಳು. ಎಲ್ಲಿ ಆಗಲ್ಲ, ಯಾಕೆ ಆಗಲ್ಲ, ಹೇಗೆ ಮಾಡಿದರೆ ಆಗುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. “ಬೆಸುಗೆ ಕೊಳೆ ಇದ್ದ ಕಡೆ ಕಾಲಿಡಲ್ಲ ಸಾರ್. ಆಸಿಡ್ಡಿನಲ್ಲಿ ತೊಳೀರಿ, ಉಜ್ಜಿ, ಬಿಳಿಗಾರ ಹಚ್ಚಿ. ಆಮೇಲೆ ಕಾವು ಕೊಡಿ. ಕಡ್ಡಿ ಕರಗಿಸೋದು ಬೆಂಕಿ ಅಲ್ಲ, ತಾಮ್ರ.” ಅವಳು ದೊಡ್ಡ ಟಾರ್ಚಿನಿಂದ ಇಡೀ ಬಾಯ್ಲರನ್ನು ಕಾಯಿಸಿಡುವಳು, ಇವರು ಚಿಕ್ಕದನ್ನು ಹಿಡಿದು ಕಡ್ಡಿ ತಾಗಿಸುವರು. ಮೊದಲ ಸಲ ಬೆಸುಗೆ ಬೆಳ್ಳಗೆ ಮಿಂಚಿ ಸಂದಿಯುದ್ದಕ್ಕೂ ಸರ್ರನೆ ಓಡಿದಾಗ ಅವರು ಉಸಿರಾಡುವುದನ್ನೇ ಮರೆತರು. ಮೂವತ್ತೊಂದು ವರ್ಷದಲ್ಲಿ ಸಾವಿರ ಬೆಸುಗೆ ನೋಡಿದ್ದರೂ ಒಂದಾದರೂ ಹುಟ್ಟುವುದನ್ನು ಕಂಡಿರಲಿಲ್ಲ.

ಕೊಳವೆಗಳಾದವು, ಕಲ್ಲಿದ್ದಲು ಉರಿಯುವ ಒಲೆಗೂಡಾಯಿತು. ಕೊನೆಗೆ ಉಳಿದದ್ದು ಒಲೆಗೂಡಿನ ಗೋಡೆಯನ್ನೂ ಹೊರಗಿನ ಗೋಡೆಯನ್ನೂ ಬಿಗಿದು ಹಿಡಿಯುವ ಸಣ್ಣ ಸಣ್ಣ ಕಂಬಿಗಳು. ಅರವತ್ತೆರಡು ಕಂಬಿ. ಒಂದೊಂದನ್ನೂ ತೊಳೆದು ಉಜ್ಜಿ ಕೂರಿಸಬೇಕು. ಅದನ್ನು ವಾರದ ದಿನಗಳಲ್ಲಿ ಆಗಲ್ಲಪ್ಪನವರೇ ಮಾಡಿಟ್ಟರು. ಭಾನುವಾರ ಇಬ್ಬರೂ ಸೇರಿ ಬೆಸೆದರು.

ಪರೀಕ್ಷೆಯ ದಿನ ಬಾಯ್ಲರಿನ ತುಂಬ ನೀರು ತುಂಬಿ, ಗಾಳಿ ಒಂದಿಷ್ಟೂ ಉಳಿಯದಂತೆ ನೋಡಿ, ಕೈಪಂಪು ಜೋಡಿಸಿದರು. ಮುಂದೆ ಉಗಿಯಲ್ಲಿ ಅದು ಹೊರಬೇಕಾದ ಒತ್ತಡಕ್ಕೆ ಎರಡರಷ್ಟು ಕೊಟ್ಟು ನೋಡಬೇಕು. ಒತ್ತಡ ಅಳೆಯುವ ಮಾಪಕದ ಮುಳ್ಳು ಇಪ್ಪತ್ತು ನಿಮಿಷ ಅಲ್ಲಾಡಬಾರದು. ಒತ್ತಡ ಏರಿತು. ಮೂರು ನಿಮಿಷ ನಿಂತಿತು. ಆಮೇಲೆ ಮುಳ್ಳು, ತೂಕಡಿಸುವವನ ತಲೆಯ ಹಾಗೆ, ಮೆಲ್ಲಮೆಲ್ಲಗೆ ಕೆಳಗೆ ಬಾಗಿತು.

“ಸೋರ್ತಿದೆ,” ಎಂದಳು ಅವಳು. “ಆದ್ರೆ ಎಲ್ಲಿ?”

ಆಗಲ್ಲಪ್ಪನವರು ಭೂತಗನ್ನಡಿ ಹಿಡಿದು ಹುಡುಕಿದರು. ಸೋಮವಾರ ಹುಡುಕಿದರು, ಮಂಗಳವಾರ ಹುಡುಕಿದರು. ಕೊಳವೆಗಳ ಬಾಯನ್ನು ಮೂರು ಮೂರು ಸಲ ಒರೆಸಿ ನೋಡಿದರು. ಕಾರ್ಖಾನೆಯಷ್ಟು ದೊಡ್ಡ ಬಾಯ್ಲರಿನಲ್ಲಿ ಕೂದಲೆಳೆಯ ಬಿರುಕು ಹಿಡಿದವರಿಗೆ ಹಾಲಿನ ಕ್ಯಾನಿನಷ್ಟಿರುವ ಇದರಲ್ಲಿ ಒಂದು ಹನಿ ಸಿಕ್ಕಲಿಲ್ಲ.

“ಅಪ್ಪನಿಗೆ ತೋರಿಸೋಣ ಸಾರ್,” ಎಂದಳು ಮೇಸ್ತ್ರಿಯ ಮಗಳು ಸಂಜೆ ಬಂದು. “ಕಿವಿ ಹೋಗಿದ್ರೂ ಬೆರಳು ಇವೆ. ನಾಳೆ ಅಂಗಡಿಗೆ ತನ್ನಿ.”

ಅವಳು ಹೋದ ಮೇಲೆ ಅವರು ಮಂಕಾಗಿ ಕೂತರು. ಹೆಂಡತಿ ಗುಂಡಿ ಹೊಲಿಯುತ್ತ ಕೇಳಿದಳು, “ಏನಾಯ್ತು? ಮುಖ ಯಾಕೆ ಹೀಗಿದೆ?” ಎಲ್ಲ ಹೇಳಿದರು. ಕಾರ್ಖಾನೆ, ಗುರುತು, ‘ಒಂದು ಮಾತು’ ಎಂದು ಕೈಚಾಚಿದ್ದ ಮನುಷ್ಯ. ಅವಳು ದಾರ ಕಡಿದು, ಗುಂಡಿಯನ್ನೊಮ್ಮೆ ಎಳೆದು ನೋಡಿ ಅಂದಳು: “ಅವರು ಏನು ಹೇಳೋಕೆ ಬಂದಿದ್ರು ಅಂತ ನಿಮಗೆ ಇವತ್ತಿಗೂ ಗೊತ್ತಿಲ್ಲವಲ್ಲ. ಹೋಗಿ ಕೇಳಿ.”

ಬೆಳಿಗ್ಗೆ ಬಾಯ್ಲರನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಪಂಪು ಹಿಡಿದು ತಿರುವಿನವರೆಗೆ ನಡೆದರು. ಮೇಸ್ತ್ರಿ ಸ್ಟೂಲಿನ ಮೇಲಿದ್ದ. ಬಾಯ್ಲರನ್ನು ಮೇಜಿನ ಮೇಲಿಟ್ಟು ಆಗಲ್ಲಪ್ಪನವರು ಅವನ ಮುಂದೆ ನಿಂತರು.

“ಮೇಸ್ತ್ರೀ, ನಾನು ಯಾರು ಅಂತ ಗೊತ್ತಾಯ್ತಾ?”

“ಆಂ?”

“ನಾನು ಯಾರು ಗೊತ್ತಾ!”

“ಜೋರಾಗಿ ಹೇಳಿ.”

ಜೀವಮಾನದಲ್ಲಿ ದನಿ ಎತ್ತಿ ಮಾತಾಡದಿದ್ದ ಮನುಷ್ಯ ಗಂಟಲು ಹರಿಯುವಂತೆ ಕೂಗಿದರು: “ಬಟ್ಟೆ ಕಾರ್ಖಾನೆ! ಬಾಯ್ಲರ್! ಕತ್ತರಿ ಗುರುತು ಹಾಕಿದ್ದು ನಾನು!”

ಎದುರಿನ ಪಂಕ್ಚರ್ ಅಂಗಡಿಯವನು ಟ್ಯೂಬು ಕೆಳಗಿಟ್ಟ. ಮೇಸ್ತ್ರಿಯ ಮಗಳು ಟಾರ್ಚ್ ಆರಿಸಿ ತಿರುಗಿ ನೋಡಿದಳು.

“ಅವತ್ತು ನಿಮ್ಮ ಮಾತು ಕೇಳಲಿಲ್ಲ! ತಪ್ಪಾಯ್ತು!”

“ಏನಾಯ್ತು?”

“ತಪ್ಪಾಯ್ತು!”

“ನಮಗೆಲ್ಲ ಕೇಳಿಸ್ತು ಸಾರ್,” ಎಂದ ಪಂಕ್ಚರ್ ಅಂಗಡಿಯವನು ಮೆತ್ತಗೆ.

ಮುದುಕನಿಗೂ ಕೇಳಿಸಿತ್ತು. “ನೀವು ಅಂತ ಮೊದಲ ದಿನಾನೇ ಗೊತ್ತಾಯ್ತು,” ಎಂದ. “ಮುಖ ಮರೆತಿದ್ದೆ. ಅಂಗಡಿಯಿಂದ ವಾಪಸ್ ಹೋಗುವಾಗ ಬೆನ್ನು ನೋಡಿ ಗುರುತು ಸಿಕ್ತು. ಅವತ್ತು ನಾನು ನೋಡಿದ್ದು ಬೆನ್ನೇ ತಾನೆ?”

ಆಗಲ್ಲಪ್ಪನವರು ತಲೆ ತಗ್ಗಿಸಿದರು.

“ಬಿರುಕು ಇತ್ತು,” ಎಂದ ಮೇಸ್ತ್ರಿ. “ಮೊದಲು ನೋಡಿದ್ದೇ ನಾನು. ಯಜಮಾನನಿಗೆ ಹೇಳಿದೆ. ಮುಚ್ಚು, ಅವರಿಗೆಲ್ಲಿ ಗೊತ್ತಾಗುತ್ತೆ ಅಂದ. ಮುಚ್ಚಿದೆ. ಮನಸ್ಸು ತಡೀಲಿಲ್ಲ. ನೀವು ಬಂದಾಗ ಬೆರಳಿಟ್ಟು ತೋರಿಸಿಬಿಡೋಣ ಅಂತಲೇ ಪಕ್ಕ ನಿಂತಿದ್ದೆ. ನಾನು ತೋರಿಸಿದ್ರೆ ಕೆಲಸಗಾರ ಆಗಿರ್ತಿದ್ದೆ. ನೀವು ಹಿಡಿದ್ರಿ, ಕಳ್ಳ ಆದೆ. ಅಷ್ಟೇ ವ್ಯತ್ಯಾಸ.”

ಅಷ್ಟನ್ನು ಅವನು ಸಿಟ್ಟಿಲ್ಲದೆ, ಯಾರದೋ ಕಥೆ ಹೇಳುವವನ ಹಾಗೆ ಹೇಳಿದ. ಅದೇ ಆಗಲ್ಲಪ್ಪನವರಿಗೆ ಹೆಚ್ಚು ಚುಚ್ಚಿತು. ಅವರು ತಪ್ಪು ಬರೆದಿರಲಿಲ್ಲ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಿಂತು ಕೇಳಿದ್ದರೂ ಗುರುತು ಬೀಳುತ್ತಲೇ ಇತ್ತು. ಅರ್ಧ ನಿಮಿಷದ ಮಾತು ಅದು. ಆ ಅರ್ಧ ನಿಮಿಷ ತಮ್ಮ ಬಳಿ ಇರಲಿಲ್ಲ ಎಂದು ಈಗ ಯಾವ ಬಾಯಿಂದ ಹೇಳುವುದು?

“ರೇಡಿಯೇಟರ್ ಒಳ್ಳೇದು ಬಿಡಿ,” ಎಂದ ಮೇಸ್ತ್ರಿ. “ಸೋರುತ್ತೆ, ಸಿಡಿಯಲ್ಲ. ಎಲ್ಲಿ, ಕೂಸನ್ನ ಬಿಚ್ಚಿ ನೋಡೋಣ.”

ಟವೆಲು ಸರಿಸಿ ಅವನು ಬಾಯ್ಲರಿನ ಮೈಮೇಲೆಲ್ಲ ಬೆರಳಾಡಿಸಿದ. ಮಗಳು ನೀರು ತುಂಬಿ ಪಂಪು ಒತ್ತಿದಳು. ಮುದುಕ ಸೀಮೆಸುಣ್ಣವೊಂದನ್ನು ಪುಡಿಮಾಡಿ, ಒಣ ಬ್ರಷ್ಷಿನಿಂದ ಒಲೆಗೂಡಿನ ಹಿಂಬದಿಗೆ ತೆಳ್ಳಗೆ ಹಚ್ಚಿ ಕಾದ. ಬಿಳಿ ಪುಡಿಯ ನಡುವೆ, ಕೆಳಗಿನ ಸಾಲಿನ ಮೂಲೆಯಲ್ಲಿ, ಒಂದು ಕಂಬಿಯ ಸುತ್ತ ಸಾಸಿವೆಯಷ್ಟು ಜಾಗ ಒದ್ದೆಯಾಗಿ ಕಪ್ಪಾಯಿತು.

“ಇಲ್ಲಿ,” ಎಂದ. ನಂತರ ಕಣ್ಣೆತ್ತಿ ನೋಡಿದ. “ನಿಮಗೆ ಗೊತ್ತಿತ್ತಾ?”

ಆಗಲ್ಲಪ್ಪನವರ ಬಾಯಿಗೆ ‘ಇಲ್ಲ’ ಬಂದಿತ್ತು. ನುಂಗಿಕೊಂಡರು. ಅದು ಅರವತ್ತೆರಡನೆಯ ಕಂಬಿ. ಅವತ್ತು ಬೆನ್ನು ನೋಯುತ್ತಿತ್ತು, ಆಸಿಡ್ಡಿನ ಪಾತ್ರೆಯನ್ನು ಎತ್ತಿಟ್ಟಾಗಿತ್ತು. ಇದೊಂದಕ್ಕೆ ಮತ್ತೆ ತೆಗೆಯುವುದೇಕೆಂದು ಬಟ್ಟೆಯಲ್ಲಿ ಒರೆಸಿ ಕೂರಿಸಿದ್ದರು. ಎರಡು ದಿನ ಭೂತಗನ್ನಡಿ ಹಿಡಿದು ಹುಡುಕುವಾಗಲೂ ಕಣ್ಣು ಆ ಮೂಲೆಯನ್ನು ಬಿಟ್ಟು ಉಳಿದ ಕಡೆಯೆಲ್ಲ ತಿರುಗಿತ್ತು.

“ಗೊತ್ತಿತ್ತು,” ಎಂದರು. ಕೂಗದಿದ್ದರೂ ಮುದುಕನಿಗೆ ತುಟಿ ನೋಡಿ ತಿಳಿಯಿತು.

ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಮಾಡಿದವನಿಗೆ ಗೊತ್ತಿರುತ್ತೆ ಸಾರ್. ಒಳಗೆಲ್ಲೋ ಗೊತ್ತಿರುತ್ತೆ. ಸುತ್ತಿಗೆ ತಟ್ಟೋಕೆ ಮುಂಚೆ ಅವನನ್ನೊಂದು ಸಲ ಕೇಳಬೇಕು. ಅರ್ಧ ಜನ ಹೇಳ್ತಾರೆ.”

“ಇನ್ನರ್ಧ?” ಎಂದು ಕೂಗಿದರು ಆಗಲ್ಲಪ್ಪನವರು.

“ಅವರಿಗೆ ಸುತ್ತಿಗೆ.”

ಮನೆಗೆ ಬಂದು ಅವರು ಹೆಂಡತಿಗೆ ನಡೆದದ್ದನ್ನೆಲ್ಲ ಒಪ್ಪಿಸಿದರು. ಆ ವಾರವಿಡೀ ಅವರಿಗೆ ಹಳೆಯ ಮುಖಗಳು ಒಂದೊಂದಾಗಿ ನೆನಪಾಗುತ್ತಿದ್ದವು. ಆಸ್ಪತ್ರೆಯ ಅಡುಗೆಮನೆಯ ಫಿಟ್ಟರು, ಗಿರಣಿಯ ಬೆಂಕಿ ಹಾಕುವವನು, ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಬಳಿ ನಿಂತವರು. ಎಷ್ಟು ಜನ ಬಾಯಿ ತೆರೆದಿದ್ದರೋ. ಎಲ್ಲರನ್ನೂ ಹುಡುಕಿಕೊಂಡು ಹೋಗುವುದು ಆಗದ ಮಾತು. ಯಾರ ಹೆಸರೂ ತಪಾಸಣೆಯ ಪುಸ್ತಕದಲ್ಲಿರಲಿಲ್ಲ. ಇದ್ದದ್ದು ಬಾಯ್ಲರುಗಳ ನಂಬರು ಮಾತ್ರ.

ಭಾನುವಾರ ಆ ಕಂಬಿಯನ್ನು ಕೊರೆದು ತೆಗೆದು, ಹೊಸದನ್ನು ತೊಳೆದು ಉಜ್ಜಿ ಬೆಸೆದರು. ಕಾಯಿಸುವಾಗ ಪಕ್ಕದ ಎರಡು ಕಂಬಿಗಳ ಬೆಸುಗೆ ಸಡಿಲಿತು; ಅವನ್ನೂ ಮಾಡಬೇಕಾಯಿತು. ಅದರ ಮುಂದಿನ ಭಾನುವಾರ ಮುಳ್ಳು ಇಪ್ಪತ್ತು ನಿಮಿಷ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ಕಾಗದ ತಂದು ತಾವೇ ರುಜು ಹಾಕಲು ಹೋದವರು ಒಂದು ಕ್ಷಣ ತಡೆದು, ಪೆನ್ನನ್ನು ಮೇಸ್ತ್ರಿಯ ಮಗಳ ಕೈಗೆ ಕೊಟ್ಟರು. ಅವಳು ಗಾಬರಿಯಾಗಿ, “ನನ್ನ ರುಜು ಯಾರು ಕೇಳ್ತಾರೆ ಸಾರ್?” ಎಂದಳು. “ನಾನು ಕೇಳ್ತಿದೀನಲ್ಲಮ್ಮ,” ಎಂದರು.

ಬಾಯ್ಲರನ್ನು ಚೌಕಟ್ಟಿನ ಮೇಲೆ ಕೂರಿಸಿ ಕೊಳಾಯಿಗಳನ್ನೆಲ್ಲ ಜೋಡಿಸಲು ಮತ್ತೂ ಎರಡು ತಿಂಗಳು ಬೇಕಾಯಿತು. ಮೊದಲ ಸಲ ಒಲೆ ಹಚ್ಚಿದ್ದು ಬಿಸಿಲು ಚೆನ್ನಾಗಿದ್ದ ಒಂದು ಬೆಳಿಗ್ಗೆ. ಹಿತ್ತಲಲ್ಲಿ ಹಳಿಯೇನೂ ಇರಲಿಲ್ಲ. ಗಾಲಿಗಳು ನೆಲಕ್ಕೆ ತಾಗದಂತೆ ಇಂಜಿನ್ನನ್ನು ಮರದ ದಿಮ್ಮಿಗಳ ಮೇಲೆ ಇಟ್ಟಿದ್ದರು. ಮೇಸ್ತ್ರಿಯನ್ನು ಮಗಳು ಕೈಹಿಡಿದು ಕರೆತಂದಳು. ಹೆಂಡತಿ ಅವನಿಗೆ ಹೊಲಿಗೆ ಕೋಣೆಯ ಕುರ್ಚಿ ತಂದು ಹಾಕಿದಳು. ಕಲ್ಲಿದ್ದಲ ಚೂರುಗಳು ಹತ್ತಿಕೊಂಡವು, ಹೊಗೆ ಅವಳು ಒಣಹಾಕಿದ ಬಟ್ಟೆಗಳ ಕಡೆಗೇ ಹೋಯಿತು. “ನೋಡಿ, ನೋಡಿ!” ಎಂದು ಅವಳು ಓಡಿ ಬಟ್ಟೆ ಎಳೆದುಕೊಂಡಳು.

ಒತ್ತಡ ಏರಿತು. ಆಗಲ್ಲಪ್ಪನವರು ಹಿಡಿಕೆಯನ್ನು ಮುಂದಕ್ಕೆ ತಳ್ಳಿ ಉಗಿ ಬಿಟ್ಟರು. ಇಂಜಿನ್ನು ಸಿಲಿಂಡರಿನಿಂದ ನೀರು ಉಗುಳಿ ಕೆಮ್ಮಿತು, ಗಾಲಿಗಳು ತಿರುಗಿದವು. ಆದರೆ ಹಿಂದಕ್ಕೆ! ಬಾಯ್ಲರು ಕೂರಿಸಿದ ಮೇಲೆ ಜೋಡಿಸಿದ, ದಿಕ್ಕು ಬದಲಿಸುವ ಸಲಾಕೆ ತಿರುವುಮುರುವಾಗಿತ್ತು. ಹೆಂಡತಿ ಬಟ್ಟೆಗಳನ್ನು ಎದೆಗವಚಿಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಕ್ಕರೆ ನಗಲಿ ಎಂದು ಅವರೂ ನಕ್ಕರು. ಹಿಂದಕ್ಕಾದರೂ ತಿರುಗುತ್ತಿತ್ತಲ್ಲ, ಚುಕ್ ಚುಕ್ ಎಂದು ಒಂದೇ ಸಮನೆ, ತಾನೇ ಉಸಿರೆಳೆದುಕೊಳ್ಳುತ್ತ.

ಮೇಸ್ತ್ರಿ ಬಗ್ಗಿ ಚೌಕಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿಕೊಂಡ. ಆ ಬಡಿತ ಅವನ ಕೈಯೊಳಗೆ ಹೋಗುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ತುಂಬ ಹೊತ್ತಿನ ಮೇಲೆ, “ಇದಕ್ಕೆ ಸೀಟಿ ಇಲ್ವಾ?” ಎಂದು ಕೇಳಿದ.

ಇತ್ತು. ಆಗಲ್ಲಪ್ಪನವರು ಅದರ ಸಣ್ಣ ಸರಪಳಿಯನ್ನು ಮುದುಕನ ಬೆರಳಿಗೆ ಸಿಕ್ಕಿಸಿದರು. ಅವನು ಎಳೆದ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು, ಗೋಡೆಯ ಮೇಲಿದ್ದ ಬೆಕ್ಕು ಹಾರಿ ಓಡಿತು.

“ಕೂಗ್ತಾ?” ಎಂದು ಮೇಸ್ತ್ರಿ ಎಲ್ಲರ ಮುಖ ನೋಡಿದ.

“ಕೂಗ್ತು!” ಎಂದು ಕೂಗಿದರು ಆಗಲ್ಲಪ್ಪನವರು.

“ಆಂ?”

“ಕೂಗ್ತು ಮೇಸ್ತ್ರೀ! ಚೆನ್ನಾಗಿ ಕೂಗ್ತು!”

ಮುದುಕ ತೃಪ್ತಿಯಿಂದ ತಲೆಯಾಡಿಸಿ ಮತ್ತೊಮ್ಮೆ ಎಳೆದ, ಇನ್ನೊಮ್ಮೆ ಎಳೆದ. ಉಗಿಯೆಲ್ಲ ಸೀಟಿಗೇ ಹೋಗಿ ಗಾಲಿಗಳು ನಿಧಾನವಾದವು, ಮುಳ್ಳು ಸೊನ್ನೆಯ ಕಡೆ ಇಳಿಯುತ್ತಿತ್ತು. ಯಾರೂ ಅವನನ್ನು ತಡೆಯಲಿಲ್ಲ.